ಫ್ಲ್ಯಾಟ್‌ಹೆಡ್ ಎಂಜಿನ್ನಿಗೆ ಬ್ಲೋವರ್ ಕೂರಿಸಿದ ನನ್ನ ಅನುಭವ

1932ರ ಫೋರ್ಡ್ ಚಾಸಿಯ ಮೇಲೆ ಕಟ್ಟಿದ ನನ್ನ ರೋಡ್‌ಸ್ಟರಿಗಾಗಿ ನಾನು ಸಿದ್ಧಪಡಿಸಿದ್ದು 1949ರಿಂದ 1953ರ ಅವಧಿಯ ಮರ್ಕ್ಯುರಿ ಫ್ಲ್ಯಾಟ್‌ಹೆಡ್, ಅಂದರೆ ಸಿಲಿಂಡರುಗಳ ಮುಚ್ಚಳವಾದ ಹೆಡ್ ಚಪ್ಪಟೆಯಾಗಿರುವ, ವಿ-8 ಎಂಜಿನ್. ಅದರ ಮೇಲೆ ಕೂತಿರುವುದು ಜನರಲ್ ಮೋಟರ್ಸ್‌ನ 4-71 ಡೀಸೆಲ್ ಎಂಜಿನ್ನಿನಿಂದ ಬಿಚ್ಚಿದ ಬ್ಲೋವರ್, ಅಂದರೆ ಎಂಜಿನ್ನಿಗೆ ಒತ್ತಡದಲ್ಲಿ ಗಾಳಿ ತುಂಬುವ ಯಂತ್ರ. ನಾನು ನೆಲೆಸಿರುವ ದಕ್ಷಿಣ ಕ್ಯಾಲಿಫೋರ್ನಿಯಾ ಹಾಟ್ ರಾಡ್‌ಗಳ, ಅಂದರೆ ವೇಗಕ್ಕಾಗಿ ಮಾರ್ಪಡಿಸಿದ ಹಳೆಯ ಕಾರುಗಳ, ತವರು; ಮ್ಯೂರಾಕ್ ಮತ್ತು ಎಲ್ ಮಿರಾಜ್‌ನ ಒಣಗಿದ ಕೆರೆಯಂಗಳಗಳಲ್ಲಿ ಹಳೆಯ ಫೋರ್ಡ್‌ಗಳನ್ನು ಓಡಿಸುತ್ತಿದ್ದ ಯುವಕರು 1937ರಲ್ಲೇ ತಮ್ಮದೊಂದು ಸಂಘವನ್ನು ಕಟ್ಟಿಕೊಂಡಿದ್ದರು. ಅವರ ಕಾಲದ ಪದ್ಧತಿಗೆ ನಿಷ್ಠವಾಗಿ, ಆದರೆ ಇಂದಿನ ರಸ್ತೆಯಲ್ಲಿ ನೆಮ್ಮದಿಯಿಂದ ಓಡಿಸಬಹುದಾದಂತೆ ಒಂದು ಎಂಜಿನ್ ಕಟ್ಟಬೇಕೆಂಬುದು ನನ್ನ ಆಸೆಯಾಗಿತ್ತು. ಈ ಕೆಲಸದಲ್ಲಿ ನಾನು ತೆಗೆದುಕೊಂಡ ಪ್ರತಿಯೊಂದು ತೀರ್ಮಾನವೂ ಕೊನೆಗೆ ಶಾಖದ ಲೆಕ್ಕಕ್ಕೇ ಬಂದು ನಿಲ್ಲುತ್ತಿತ್ತು. ಆದ್ದರಿಂದ ಶಾಖ ಎಲ್ಲಿ ಹುಟ್ಟುತ್ತದೆ, ಅದನ್ನು ಎಲ್ಲಿಂದ ಹೊರಗೆ ಕಳುಹಿಸಬೇಕು ಎಂಬುದನ್ನೇ ಹಿಡಿದು ಬರೆಯುತ್ತೇನೆ.

ಫೋರ್ಡ್ ಕಂಪನಿ 1932ರಲ್ಲಿ 221 ಘನ ಇಂಚಿನ, 65 ಅಶ್ವಶಕ್ತಿಯ ವಿ-8 ಎಂಜಿನ್ನನ್ನು ಸಾಮಾನ್ಯರ ಕಾರಿಗೆ ತಂದಾಗ ಅದು ದೊಡ್ಡ ಸಾಧನೆಯೇ ಆಗಿತ್ತು. ಆದರೆ ಅದರ ವಾಲ್ವ್‌ಗಳು ಹೆಡ್ಡಿನಲ್ಲಿ ಇರುವುದಿಲ್ಲ. ಬ್ಲಾಕಿನಲ್ಲೇ, ಸಿಲಿಂಡರುಗಳ ಪಕ್ಕದಲ್ಲಿ, ಎರಡು ಸಾಲುಗಳ ನಡುವಿನ ಕಣಿವೆಯ ಕಡೆ ಇರುತ್ತವೆ. ಒಳಗೆ ಬರುವ ಮಿಶ್ರಣ ಮೇಲಕ್ಕೆ ಹತ್ತಿ, ಪಕ್ಕಕ್ಕೆ ತಿರುಗಿ, ಮತ್ತೆ ಸಿಲಿಂಡರಿಗೆ ಇಳಿಯಬೇಕು. ಸುಟ್ಟ ಅನಿಲವಂತೂ ಸಿಲಿಂಡರುಗಳ ನಡುವೆ ನುಸುಳಿ, ಬ್ಲಾಕನ್ನೇ ಹಾದು ಹೊರಗೋಡೆಯಲ್ಲಿರುವ ಬಾಯಿಗಳಿಗೆ ತಲುಪಬೇಕು. ಒಂದೊಂದು ಬದಿಯಲ್ಲಿ ನಾಲ್ಕು ಸಿಲಿಂಡರುಗಳಿದ್ದರೂ ಬಾಯಿಗಳು ಮೂರೇ, ನಡುವಿನ ಎರಡು ಸಿಲಿಂಡರುಗಳು ಒಂದೇ ದಾರಿಯನ್ನು ಹಂಚಿಕೊಳ್ಳುತ್ತವೆ. ಹೀಗೆ ಉಸಿರಾಟಕ್ಕೆ ಕಷ್ಟಪಡುವ ಎಂಜಿನ್ನಿಗೆ ಒತ್ತಡದಲ್ಲಿ ಗಾಳಿ ತುಂಬಿದರೆ ಸಿಗುವ ಲಾಭ ದೊಡ್ಡದು. ಆದರೆ ನಿಷ್ಕಾಸದ ಶಾಖದ ದೊಡ್ಡ ಪಾಲು ನೀರಿಗೆ ಇಳಿಯುವುದರಿಂದ, ಬ್ಲೋವರ್ ತರುವ ಹೆಚ್ಚುವರಿ ಶಾಖವೂ ಅದೇ ದಾರಿಯನ್ನು ಹಿಡಿಯುತ್ತದೆ.

ಆದ್ದರಿಂದ ಬ್ಲಾಕ್ ಆರಿಸುವುದರಲ್ಲಿ ನಾನು ಯಾವ ಅವಸರವನ್ನೂ ಮಾಡಲಿಲ್ಲ. ಅಗ್ಗಕ್ಕೆ ಸಿಗುವ ಫ್ಲ್ಯಾಟ್‌ಹೆಡ್ ಬ್ಲಾಕುಗಳಲ್ಲಿ ಬಹಳಷ್ಟಕ್ಕೆ ಬಿರುಕು ಇರುತ್ತದೆ. ಮೊದಲು ನೋಡಿದ ಬ್ಲಾಕ್ ಹೊರನೋಟಕ್ಕೆ ಅಚ್ಚುಕಟ್ಟಾಗಿತ್ತು. ಮಷೀನ್ ಶಾಪಿನವರು ಅದಕ್ಕೆ ಅಯಸ್ಕಾಂತವನ್ನು ಹಿಡಿದು ಕಬ್ಬಿಣದ ನುಣ್ಣನೆಯ ಪುಡಿಯನ್ನು ಊದಿದಾಗ, ನಡುವಿನ ಎಕ್ಸಾಸ್ಟ್ ವಾಲ್ವಿನ ಸೀಟಿನಿಂದ ಸಿಲಿಂಡರಿನ ಅಂಚಿನವರೆಗೆ ಕೂದಲೆಳೆಯಷ್ಟು ಸಣ್ಣ ಗೆರೆಯಾಗಿ ಪುಡಿ ನಿಂತಿತು. ಒರೆಸಿ ಮತ್ತೆ ಊದಿದರೂ ಗೆರೆ ಅಲ್ಲೇ ಮೂಡಿತು. ಆ ಬ್ಲಾಕನ್ನು ಅಲ್ಲೇ ಬಿಟ್ಟು ಬಂದೆ. ಕೊನೆಗೆ ಆರಿಸಿದ ಬ್ಲಾಕಿಗೆ ಈ ಪರೀಕ್ಷೆಯ ಜೊತೆಗೆ ನೀರಿನ ದಾರಿಗಳಿಗೆ ಒತ್ತಡ ಕೊಟ್ಟು ಸೋರಿಕೆಯನ್ನೂ, ಶಬ್ದತರಂಗದ ಮಾಪಕದಿಂದ ಸಿಲಿಂಡರ್ ಗೋಡೆಗಳ ದಪ್ಪವನ್ನೂ ಪರೀಕ್ಷಿಸಿದೆವು. ಎರಕ ಹೊಯ್ಯುವಾಗ ಒಳಗಿನ ಅಚ್ಚು ಕೊಂಚ ಸರಿದಿದ್ದರೆ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ ಆಗಿರುತ್ತದೆ. ಅಂತಹ ಬ್ಲಾಕನ್ನು ಬೋರ್ ಮಾಡಿಸಿ ಅದರ ಮೇಲೆ ಬೂಸ್ಟ್ (ಬ್ಲೋವರ್ ತುಂಬುವ ಹೆಚ್ಚುವರಿ ಒತ್ತಡ) ಹೇರುವುದು ಸಲ್ಲದು.

ಅದಕ್ಕಿಂತಲೂ ಮುಖ್ಯವಾದ ಕೆಲಸವೆಂದರೆ ಬ್ಲಾಕಿನ ಹೊಟ್ಟೆಯನ್ನು ಶುಚಿಗೊಳಿಸುವುದು. ಕಾರ್ಖಾನೆಯಲ್ಲಿ ಎರಕ ಹೊಯ್ದಾಗಿನ ಮರಳು, ಅಚ್ಚಿನ ತಂತಿಯ ತುಂಡುಗಳು ಮತ್ತು ಅವುಗಳ ಮೇಲೆ ಕೂತ ದಶಕಗಳ ತುಕ್ಕು ಸೇರಿ ನೀರಿನ ದಾರಿಗಳ ತಳದಲ್ಲಿ ಗಟ್ಟಿ ಪದರವಾಗಿರುತ್ತವೆ. ಕ್ಷಾರದ ತೊಟ್ಟಿಯಲ್ಲಿ ಅದ್ದಿ ತೆಗೆದ ಮೇಲೂ ನಾನು ತಂತಿ ಮತ್ತು ಕೊಕ್ಕೆಗಳಿಂದ ಪ್ರತಿಯೊಂದು ರಂಧ್ರವನ್ನೂ ಕೆದಕಿದೆ, ಕೆದಕಿದಷ್ಟೂ ಮರಳು ಉದುರುತ್ತಿತ್ತು. ಫ್ಲ್ಯಾಟ್‌ಹೆಡ್ ಎಂದರೆ ಕುದಿಯುವ ಎಂಜಿನ್ ಎಂಬ ಮಾತು ಹಳೆಯದು. ಅದರಲ್ಲಿ ಬಹುಪಾಲು ಅಪವಾದವನ್ನು ಈ ಮರಳೇ ಹೊರಬೇಕೆಂಬುದು ನನ್ನ ಅಭಿಪ್ರಾಯ.

ಬೋರಿಂಗ್ ಮತ್ತು ಕ್ರ್ಯಾಂಕ್ ಗ್ರೈಂಡಿಂಗ್ ಕೆಲಸ ಬೆಂಗಳೂರಿನಲ್ಲಿ ಹಳೆಯ ಎಂಜಿನ್ ಬಿಚ್ಚಿಸಿದವರಿಗೂ ಪರಿಚಿತವೇ ಆದ್ದರಿಂದ ಹೆಚ್ಚು ಹೇಳುವುದಿಲ್ಲ. ಸಿಲಿಂಡರನ್ನು 3 5/16 ಇಂಚಿಗೆ ಬೋರ್ ಮಾಡಿಸಿ, ಮರ್ಕ್ಯುರಿಯ 4 ಇಂಚು ಸ್ಟ್ರೋಕಿನ ಕ್ರ್ಯಾಂಕನ್ನು ಉಳಿಸಿಕೊಂಡೆ. ಇದರಿಂದ 255 ಘನ ಇಂಚಿದ್ದ ಎಂಜಿನ್ 276 ಘನ ಇಂಚು, ಅಂದರೆ ಸುಮಾರು 4,500 ಸಿಸಿ ಆಯಿತು. ಹಳೆಯ ಹಾಟ್ ರಾಡ್ ಕಟ್ಟುಗರು ಮೆಚ್ಚಿಕೊಂಡಿದ್ದ ಅಳತೆಯಿದು. ಕ್ರ್ಯಾಂಕಿಗೆ ಮೂರೇ ಮೇನ್ ಬೇರಿಂಗುಗಳಿರುವುದರಿಂದ ರಾಡ್, ಪಿಸ್ಟನ್ ಎಲ್ಲವನ್ನೂ ತೂಗಿ ಬ್ಯಾಲೆನ್ಸ್ ಮಾಡಿಸಿದೆ. ಪಿಸ್ಟನ್‌ಗಳು ಫೋರ್ಜ್ ಮಾಡಿದವು. ಪಿಸ್ಟನ್ನಿನ ಮೇಲಿನ ರಿಂಗಿನ ಎರಡು ತುದಿಗಳ ನಡುವಿನ ಗ್ಯಾಪನ್ನು ಬೋರಿನ ಪ್ರತಿ ಇಂಚಿಗೆ 6 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ) ಲೆಕ್ಕದಲ್ಲಿ 20 ಥೌ ಇಟ್ಟೆ, ಸಾಮಾನ್ಯ ಎಂಜಿನ್ನಿಗೆ ಇದು ಸಡಿಲವೆನಿಸುತ್ತದೆ. ಬೂಸ್ಟಿನಲ್ಲಿ ಓಡುವ ಎಂಜಿನ್ನಿನಲ್ಲಿ ರಿಂಗ್ ಹೆಚ್ಚು ಕಾಯ್ದು ಹಿಗ್ಗುತ್ತದೆ. ಎರಡು ತುದಿಗಳು ಒಂದಕ್ಕೊಂದು ತಾಗಿದರೆ ರಿಂಗ್ ಸಿಲಿಂಡರನ್ನು ಗೀರುತ್ತದೆ, ಪಿಸ್ಟನ್ನಿನ ಅಂಚನ್ನೂ ಒಡೆಯುತ್ತದೆ.

ವಾಲ್ವ್ ಮತ್ತು ಸಿಲಿಂಡರಿನ ನಡುವಿನ ದಿಬ್ಬವನ್ನು ಕೆತ್ತಿ ತೆಗೆಯುವ ಒಂದು ಹಳೆಯ ಪದ್ಧತಿಯಿದೆ. ನಾನು ಅದನ್ನು ಮಾಡಲಿಲ್ಲ. ಗಾಳಿಯನ್ನು ಬ್ಲೋವರೇ ತಳ್ಳುವಾಗ ಆ ದಾರಿಯನ್ನು ಅಗಲಿಸಿ ಸಿಗುವುದು ಅಲ್ಪ. ಬ್ಲಾಕಿನ ಅತ್ಯಂತ ದುರ್ಬಲ ಜಾಗದಿಂದ ಲೋಹವನ್ನು ಕಳೆದುಕೊಳ್ಳುವುದು ನಿಶ್ಚಿತ. ಅಲ್ಯೂಮಿನಿಯಂ ಹೆಡ್‌ಗಳಿಂದ ಕಂಪ್ರೆಷನ್ ಅನುಪಾತ (ಸಿಲಿಂಡರು ಮಿಶ್ರಣವನ್ನು ಎಷ್ಟು ಪಟ್ಟು ಅಮುಕುತ್ತದೆ ಎಂಬ ಲೆಕ್ಕ) 7:1 ಆಗುವಂತೆ ನೋಡಿಕೊಂಡೆ. ಕಟ್ಟುಗರು ಬಳಸುವ ಸ್ಥೂಲ ಲೆಕ್ಕವೊಂದಿದೆ: ಬೂಸ್ಟನ್ನು ವಾಯುಮಂಡಲದ ಒತ್ತಡವಾದ 14.7ರಿಂದ ಭಾಗಿಸಿ, ಅದಕ್ಕೆ 1 ಕೂಡಿಸಿ, ಬಂದದ್ದನ್ನು ಕಂಪ್ರೆಷನ್ ಅನುಪಾತದಿಂದ ಗುಣಿಸಬೇಕು. ಚದರ ಇಂಚಿಗೆ 5 ಪೌಂಡ್ ಬೂಸ್ಟ್ ಇದ್ದರೆ ನನ್ನ ಎಂಜಿನ್ನಿನ ಪರಿಣಾಮಕಾರಿ ಅನುಪಾತ ಸುಮಾರು 9.4:1 ಆಗುತ್ತದೆ. ಕ್ಯಾಲಿಫೋರ್ನಿಯಾದ ಬಂಕುಗಳಲ್ಲಿ ಸಿಗುವ 91 ಆಕ್ಟೇನ್ ಪೆಟ್ರೋಲಿನಲ್ಲಿ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿಯುವುದು) ಇಲ್ಲದೆ ಓಡಲು ಫ್ಲ್ಯಾಟ್‌ಹೆಡ್ಡಿಗೆ ಅಷ್ಟು ಸಾಕು. ಕ್ಯಾಮ್‌ಶಾಫ್ಟನ್ನೂ ಓವರ್‌ಲ್ಯಾಪ್ ಕಡಿಮೆ ಇರುವಂತಹದ್ದನ್ನೇ ಆರಿಸಿದೆ. ಎರಡೂ ವಾಲ್ವ್‌ಗಳು ಒಟ್ಟಿಗೆ ತೆರೆದಿರುವ ಹೊತ್ತು ಹೆಚ್ಚಿದರೆ ಒತ್ತಿ ತುಂಬಿದ ಮಿಶ್ರಣ ನೇರವಾಗಿ ಸೈಲೆನ್ಸರಿನ ದಾರಿ ಹಿಡಿಯುತ್ತದೆ.

ಇನ್ನು ಬ್ಲೋವರಿನ ವಿಷಯ. ಇಂಡಿಯಾನಾದ ಕಾನರ್ಸ್‌ವಿಲ್‌ನ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಯಂತ್ರದ ವಂಶವೇ ಇದು. ಜನರಲ್ ಮೋಟರ್ಸ್ 1938ರಲ್ಲಿ ಹೊರತಂದ 71 ಸರಣಿಯ ಎರಡು ಸ್ಟ್ರೋಕಿನ ಡೀಸೆಲ್ ಎಂಜಿನ್‌ಗಳಲ್ಲಿ ಸುಟ್ಟ ಅನಿಲವನ್ನು ಹೊರದೂಡಿ ಹೊಸ ಗಾಳಿಯನ್ನು ತುಂಬಲು ಇದನ್ನು ಅಳವಡಿಸಿದರು. ಒಂದೊಂದು ಸಿಲಿಂಡರ್ 71 ಘನ ಇಂಚು. 4-71 ಎಂದರೆ ಅಂತಹ ನಾಲ್ಕು ಸಿಲಿಂಡರುಗಳ ಎಂಜಿನ್, ಅದರ ಬ್ಲೋವರಿಗೂ ಅದೇ ಹೆಸರು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರನ್ನು ದಡಕ್ಕೆ ಇಳಿಸುವ ದೋಣಿಗಳಲ್ಲೂ, ಎಂ4ಎ2 ಶೆರ್ಮನ್ ಟ್ಯಾಂಕುಗಳಲ್ಲೂ 6-71 ಎಂಜಿನ್‌ಗಳಿದ್ದವು. ಯುದ್ಧ ಮುಗಿದ ಮೇಲೆ ಹಾಟ್ ರಾಡ್ ಕಟ್ಟುಗ ಬಾರ್ನಿ ನವಾರೊ 3-71 ಬ್ಲೋವರನ್ನು ಫ್ಲ್ಯಾಟ್‌ಹೆಡ್ಡಿನ ಮೇಲೆ ಕೂರಿಸಿ ದಾರಿ ತೋರಿಸಿದರು. ಅವರ ಆ ಧೈರ್ಯದ ಬಗ್ಗೆ ನನಗೆ ಅಪಾರ ಗೌರವವಿದೆ. ನಾವೆಲ್ಲ ಈಗ ನಡೆಯುತ್ತಿರುವುದು ಅವರಂಥವರು ಸವೆಸಿದ ದಾರಿಯಲ್ಲೇ.

ನನಗೆ ಸಿಕ್ಕ ಬ್ಲೋವರ್ ಒಂದು ಹಳೆಯ ಜನರೇಟರ್ ಸೆಟ್ಟಿನದು. ಬಿಚ್ಚಿದಾಗ ಒಳಗೆಲ್ಲ ಕರಿ ಎಣ್ಣೆಯ ಜಿಡ್ಡಿತ್ತು, ಆದರೆ ರೋಟರುಗಳ ಮೇಲೆ ಗೀರುಗಳಿರಲಿಲ್ಲ. ಮೂರು ಏಣುಗಳಿರುವ, ಉದ್ದಕ್ಕೂ ತಿರುಚಿದಂತಿರುವ ಈ ಜೋಡಿ ರೋಟರುಗಳು ಒಂದನ್ನೊಂದು ಎಂದೂ ಮುಟ್ಟಬಾರದು, ಕೇಸನ್ನೂ ಮುಟ್ಟಬಾರದು. ನಡುವಿನ ಸಂದನ್ನು ಕಾಯುವುದು ತುದಿಯಲ್ಲಿರುವ ಟೈಮಿಂಗ್ ಗೇರುಗಳು. ಗೇರಿನ ಹಲ್ಲುಗಳು ಓರೆಯಾಗಿರುವುದರಿಂದ, ಒಂದು ಗೇರಿನ ಹಿಂದೆ ತೆಳುವಾದ ಶಿಮ್ (ಲೋಹದ ಹಾಳೆ) ಸೇರಿಸಿದರೆ ಆ ಗೇರು ಕೊಂಚ ಮುಂದೆ ಬರುವುದರ ಜೊತೆಗೆ ಅದರ ರೋಟರೂ ಎಳೆಯಷ್ಟು ತಿರುಗುತ್ತದೆ. ಉದ್ದನೆಯ ಫೀಲರ್ ಗೇಜನ್ನು ಏಣಿನ ಒಂದು ಮಗ್ಗುಲಿಗೆ ತೂರಿಸಿ ಅಳೆಯುವುದು, ರೋಟರನ್ನು ಕೈಯಿಂದ ತಿರುಗಿಸಿ ಇನ್ನೊಂದು ಮಗ್ಗುಲನ್ನು ಅಳೆಯುವುದು, ಗೇರು ಕಳಚಿ ಶಿಮ್ ಬದಲಿಸುವುದು, ಮತ್ತೆ ಮೊದಲಿನಿಂದ ಅಳೆಯುವುದು. ಈ ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ಕೆಲಸ ಇದೇ. ಸಂದು ಸರಿಹೋದಾಗ ರೋಟರುಗಳು ಬೆರಳ ತುದಿಯ ಒತ್ತಿಗೆ ಸದ್ದಿಲ್ಲದೆ ತಿರುಗುತ್ತವೆ.

ಡೀಸೆಲ್‌ನಲ್ಲಿ ದುಡಿದ ಬ್ಲೋವರನ್ನು ಹಾಗೆಯೇ ಪೆಟ್ರೋಲ್ ಎಂಜಿನ್ನಿಗೆ ಕೂರಿಸಲಾಗದು. ಡೀಸೆಲ್‌ನಲ್ಲಿ ಬ್ಲೋವರಿನ ಬಾಯಿಗೆ ಥ್ರಾಟಲ್ (ಗಾಳಿಯನ್ನು ನಿಯಂತ್ರಿಸುವ ಕವಾಟ) ಇರುವುದಿಲ್ಲ. ಇಲ್ಲಿ ಕಾರ್ಬೊರೇಟರುಗಳು ಬ್ಲೋವರಿನ ಮೇಲೆ ಕೂರುವುದರಿಂದ, ಆ್ಯಕ್ಸಿಲರೇಟರ್ ಬಿಟ್ಟಾಗಲೆಲ್ಲ ಕೇಸಿನೊಳಗೆ ನಿರ್ವಾತ ಉಂಟಾಗಿ ಗೇರ್ ಪೆಟ್ಟಿಗೆಯ ಎಣ್ಣೆಯನ್ನು ಒಳಗೆ ಎಳೆಯುತ್ತದೆ. ಅದಕ್ಕಾಗಿ ಎಣ್ಣೆಯನ್ನು ಈ ದಿಕ್ಕಿನಲ್ಲಿ ತಡೆಯುವ ಸೀಲುಗಳನ್ನು ಹಾಕಿಸಿ, ಡೀಸೆಲ್ ಎಂಜಿನ್ನಿನಿಂದ ಎಣ್ಣೆ ಬರುತ್ತಿದ್ದ ರಂಧ್ರಗಳನ್ನು ಮುಚ್ಚಿಸಿದೆ. ರೋಟರಿನ ತುದಿಗೂ ಕೇಸಿನ ಪ್ಲೇಟಿಗೂ ನಡುವಿನ ಸಂದನ್ನು ಕೊಂಚ ಹೆಚ್ಚಿಸಬೇಕಾಯಿತು, ಇದೂ ಶಾಖದ ಮಾತೇ. ರೂಟ್ಸ್ ಮಾದರಿಯ ಬ್ಲೋವರ್ ತನ್ನೊಳಗೆ ಗಾಳಿಯನ್ನು ಅಮುಕುವುದಿಲ್ಲ. ಒಂದು ಕಡೆಯಿಂದ ಹೊತ್ತು ಇನ್ನೊಂದು ಕಡೆ ಸುರಿಯುತ್ತದೆ, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನಲ್ಲಿ ಕೂಡಿದ ಒತ್ತಡದ ಗಾಳಿ ಹಿಂದಕ್ಕೆ ನುಗ್ಗಿದಾಗಲೇ ಅಮುಕಾಟ ನಡೆಯುತ್ತದೆ. ಆ ಕ್ರಮದಲ್ಲಿ ಗಾಳಿ ಅಗತ್ಯಕ್ಕಿಂತ ಹೆಚ್ಚು ಕಾಯುತ್ತದೆ. ಪೆಟ್ರೋಲ್ ರೋಟರುಗಳ ಮೇಲೆಯೇ ಬಿದ್ದು ಆವಿಯಾಗುವುದರಿಂದ ಒಂದಿಷ್ಟು ತಂಪು ತಾನಾಗಿ ದೊರೆಯುವುದು ನಮ್ಮ ಅದೃಷ್ಟ.

ಬ್ಲೋವರನ್ನು ತಿರುಗಿಸಲು ಹಲ್ಲುಗಳಿರುವ ಗಿಲ್ಮರ್ ಬೆಲ್ಟ್ ಹಾಕಿದೆ. ಕ್ರ್ಯಾಂಕಿನ ಪುಲ್ಲಿಗೆ 30 ಹಲ್ಲು, ಬ್ಲೋವರಿನ ಪುಲ್ಲಿಗೆ 36 ಹಲ್ಲು. ಅಂದರೆ ಬ್ಲೋವರ್ ಎಂಜಿನ್ನಿಗಿಂತ ಆರನೆಯ ಒಂದು ಭಾಗ ನಿಧಾನವಾಗಿ ತಿರುಗುತ್ತದೆ. ಬೆಲ್ಟ್ ಕ್ರ್ಯಾಂಕಿನ ಮೂತಿಯನ್ನು ಸದಾ ಮೇಲಕ್ಕೆ ಎಳೆಯುವುದರಿಂದ, ಪುಲ್ಲಿಯ ನಡುಭಾಗ (ಹಬ್) ಉದ್ದವಾಗಿ, ಬಿಗಿಯಾಗಿ ಕೂರುವಂತೆ ಲೇತಿನಲ್ಲಿ ಮಾಡಿಸಿದೆ. ಎಂಜಿನ್ನಿನ ಮುಂಭಾಗದಲ್ಲಿ ಇದ್ದ ಜನರೇಟರ್ ಜಾಗ ಬದಲಿಸಿತು, ಮ್ಯಾನಿಫೋಲ್ಡಿನ ಹಿಂಬದಿಯಲ್ಲಿದ್ದ ಪೆಟ್ರೋಲ್ ಪಂಪಿನ ಜಾಗವನ್ನು ವಿದ್ಯುತ್ ಪಂಪು ತೆಗೆದುಕೊಂಡಿತು. ಈ ಅವಧಿಯ ಎಂಜಿನ್ನಿನ ಮೂಲ ಡಿಸ್ಟ್ರಿಬ್ಯೂಟರ್ ಕಿಡಿ ಹಾರುವ ಟೈಮಿಂಗನ್ನು ಕೇವಲ ಕಾರ್ಬೊರೇಟರಿನ ನಿರ್ವಾತದಿಂದ ನಿಯಂತ್ರಿಸುತ್ತದೆ, ಅದರಲ್ಲಿ ವೇಗಕ್ಕೆ ತಕ್ಕಂತೆ ಹಿಗ್ಗುವ ತೂಕಗಳಿಲ್ಲ. ಬ್ಲೋವರ್ ಇರುವಲ್ಲಿ ಅದು ಸಂಪೂರ್ಣ ನಿರುಪಯೋಗಿ. ತೂಕಗಳಿರುವ ಡಿಸ್ಟ್ರಿಬ್ಯೂಟರನ್ನೇ ಹಾಕಿ, ಗರಿಷ್ಠ ಅಡ್ವಾನ್ಸನ್ನು, ಅಂದರೆ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರುವ ಅಂತರವನ್ನು, 18 ಡಿಗ್ರಿಗೆ ನಿಲ್ಲಿಸಿದೆ.

ಕಾರ್ಬೊರೇಟರುಗಳು ನಾಲ್ಕು ಸ್ಟ್ರಾಂಬರ್ಗ್ 97. ನೋಟಕ್ಕಾಗಿ ಅವನ್ನು ಹಾಕುವವರು ಬಹಳ. ನನಗೆ ಅವು ಹಿಡಿಸಿದ್ದು ಬೇರೊಂದು ಕಾರಣಕ್ಕೆ. ಹೆಚ್ಚು ಭಾರ ಬಿದ್ದಾಗ ಹೆಚ್ಚುವರಿ ಪೆಟ್ರೋಲ್ ಬಿಡುವ ವಾಲ್ವ್ ಬೇರೆ ಅನೇಕ ಕಾರ್ಬೊರೇಟರುಗಳಲ್ಲಿ ನಿರ್ವಾತ ಕಡಿಮೆಯಾದಾಗ ತೆರೆಯುತ್ತದೆ. ಬ್ಲೋವರಿನ ಮೇಲೆ ಕೂತ ಕಾರ್ಬೊರೇಟರಿನ ಕೆಳಗೆ, ಮ್ಯಾನಿಫೋಲ್ಡಿನಲ್ಲಿ ಬೂಸ್ಟ್ ಇದ್ದಾಗಲೂ ಒಂದಿಷ್ಟು ನಿರ್ವಾತ ಉಳಿದಿರಬಹುದು. ಆಗ ಆ ವಾಲ್ವ್ ಮುಚ್ಚಿಯೇ ಇದ್ದು, ಪೆಟ್ರೋಲ್ ಅತ್ಯಗತ್ಯವಾದ ಗಳಿಗೆಯಲ್ಲೇ ಮಿಶ್ರಣ ಬಡವಾಗುತ್ತದೆ. 97ರಲ್ಲಿ ಆ ವಾಲ್ವನ್ನು ಆ್ಯಕ್ಸಿಲರೇಟರ್ ಪಂಪಿನ ದಂಡವೇ ಒತ್ತಿ ತೆರೆಯುವುದರಿಂದ ಕಾಲು ಒತ್ತಿದರೆ ಪೆಟ್ರೋಲ್ ಬಂದೇ ಬರುತ್ತದೆ. ಆದರೆ ಅದರ ಫ್ಲೋಟ್ ವಾಲ್ವ್ ಹೆಚ್ಚು ಒತ್ತಡವನ್ನು ತಡೆಯದು; ರೆಗ್ಯುಲೇಟರ್ ಹಾಕಿ ಪಂಪಿನ ಒತ್ತಡವನ್ನು 2.5 ಪೌಂಡಿಗೆ ಇಳಿಸಿದ್ದೇನೆ. ಮ್ಯಾನಿಫೋಲ್ಡಿನ ತುಂಬ ಉರಿಯಬಲ್ಲ ಮಿಶ್ರಣವೇ ಇರುವುದರಿಂದ, ಬ್ಯಾಕ್‌ಫೈರ್ ಆದರೆ, ಅಂದರೆ ಉರಿ ಹಿಂದಕ್ಕೆ ನುಗ್ಗಿದರೆ, ಒತ್ತಡ ಹೊರಹೋಗಲು ಸ್ಪ್ರಿಂಗ್ ಇರುವ ಒಂದು ವಾಲ್ವನ್ನೂ ಇಟ್ಟಿದ್ದೇನೆ. ಅದಿಲ್ಲದೆ ಬ್ಲೋವರ್ ಹಾಕುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಎಂಜಿನ್ ಶುರುವಾದ ಮೇಲೆ ಮೊದಲ ಕೆಲಸ ಜೆಟ್ಟುಗಳನ್ನು (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ಅಳತೆಯ ರಂಧ್ರಗಳನ್ನು) ಹೊಂದಿಸುವುದಾಗಿತ್ತು. ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಕೂರಿಸಿ, ಪೂರ್ತಿ ಭಾರದಲ್ಲಿ ಗಾಳಿ ಮತ್ತು ಪೆಟ್ರೋಲಿನ ಅನುಪಾತ 12:1ರ ಹತ್ತಿರ ನಿಲ್ಲುವವರೆಗೆ ಜೆಟ್ಟುಗಳನ್ನು ದೊಡ್ಡದು ಮಾಡುತ್ತ ಹೋದೆ. ಸೆನ್ಸರ್ ಹೇಳಿದ್ದನ್ನು ಸ್ಪಾರ್ಕ್ ಪ್ಲಗ್ಗುಗಳಲ್ಲೂ ನೋಡಿದೆ. ಎಂಟು ಪ್ಲಗ್ಗುಗಳಲ್ಲಿ ಹಿಂದಿನ ಎರಡರ ಬಣ್ಣ ಮಾತ್ರ ಕೊಂಚ ತಿಳಿಯಾಗಿತ್ತು, ಅಂದರೆ ಅಲ್ಲಿ ಪೆಟ್ರೋಲ್ ಕಡಿಮೆ; ಹಿಂದಿನ ಕಾರ್ಬೊರೇಟರುಗಳ ಜೆಟ್ಟನ್ನು ಇನ್ನೊಂದು ಅಳತೆ ಹೆಚ್ಚಿಸಿದ ಮೇಲೆ ಅದೂ ಸರಿಹೋಯಿತು. ಪ್ಲಗ್ಗುಗಳು ಮೂಲಕ್ಕಿಂತ ಒಂದು ಮಟ್ಟ ತಂಪಿನವು, ಅಂದರೆ ಶಾಖವನ್ನು ಬೇಗ ಬಿಟ್ಟುಕೊಡುವಂಥವು.

ಈಗ ಏರು ರಸ್ತೆಯಲ್ಲಿ ಪೂರ್ತಿ ಒತ್ತಿದಾಗ ಗೇಜು 5 ಪೌಂಡ್ ಬೂಸ್ಟ್ ತೋರಿಸುತ್ತದೆ, ಸಮತಟ್ಟಿನಲ್ಲಿ ಸಾಗುವಾಗ ಬೂಸ್ಟೇ ಇರುವುದಿಲ್ಲ. ನೀರಿನ ಶಾಖ 180 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಬೇಸಿಗೆಯ ಮಧ್ಯಾಹ್ನ ಸಿಗ್ನಲುಗಳಲ್ಲಿ ಸಾಲುಗಟ್ಟಿ ನಿಂತಾಗ ಮಾತ್ರ 200 ದಾಟುತ್ತದೆ. ಚಿಕ್ಕ ಪುಲ್ಲಿ ಹಾಕಿ ಬೂಸ್ಟನ್ನು 8 ಪೌಂಡಿಗೆ ಏರಿಸು ಎನ್ನುವ ಗೆಳೆಯರಿದ್ದಾರೆ. ಆ ಪುಲ್ಲಿ ನನ್ನ ಬಳಿಯೇ ಇದೆ, ಆದರೂ ಅದನ್ನು ಹಾಕುವುದಿಲ್ಲ. ಅದರ ಬದಲು ಈ ಚಳಿಗಾಲದಲ್ಲಿ ರೇಡಿಯೇಟರಿಗೆ ಶ್ರೌಡ್ (ಫ್ಯಾನಿನ ಸುತ್ತಲ ಆವರಣ) ಮಾಡಿಸಿ, ಫ್ಯಾನಿನ ಗಾಳಿ ಅಂಚುಗಳಿಂದ ಸೋರದೆ ಪೂರ್ತಿ ರೇಡಿಯೇಟರನ್ನು ಹಾದು ಹೋಗುವಂತೆ ಮಾಡಬೇಕೆಂದಿದ್ದೇನೆ.