ಮಾಸಾಶನ ಬರುವ ಮಕ್ಕಳ ಹೆಸರಲ್ಲಿ ದುಡ್ಡು ಕೂಡಿಡುವುದು ಹೇಗೆ?

‘ಪಾಸ್‌ಬುಕ್‌ನಲ್ಲಿ ಜಾಸ್ತಿ ದುಡ್ಡು ಕಂಡರೆ ಮಾಸಾಶನ ನಿಂತುಹೋಗುತ್ತಂತೆ.’ ಕೋಲಾರದ ಕಡೆ ಅಂಗವಿಕಲ ಮಕ್ಕಳಿರುವ ಮನೆಗಳಲ್ಲಿ ಈ ಮಾತು ನಾನು ಎಷ್ಟೋ ಸಲ ಕೇಳಿದ್ದೇನೆ. ಇದೇ ಭಯಕ್ಕೆ ನಮ್ಮ ದೊಡ್ಡಮ್ಮ ಮಗನ ಮಾಸಾಶನವನ್ನು ಊರಿನ ಚೀಟಿಗೆ ಕಟ್ಟುತ್ತಿದ್ದರು. ಚೀಟಿ ನಡೆಸುತ್ತಿದ್ದವರು ಊರು ಬಿಟ್ಟರು. ಕೈಯಲ್ಲಿ ಒಂದು ರಸೀದಿಯೂ ಇರಲಿಲ್ಲ. ನಾಲ್ಕು ವರ್ಷದ ದುಡ್ಡು ಹೋಯಿತು.

ಮೊದಲು ಒಂದು ವಿಷಯ ತಿಳಿದುಕೊಳ್ಳಿ: ಆದಾಯ ಬೇರೆ, ಉಳಿತಾಯ ಬೇರೆ. ಮಾಸಾಶನಕ್ಕೆ ಅಂಗವೈಕಲ್ಯ ಕನಿಷ್ಠ ಶೇ 40 ಇರಬೇಕು, ಕುಟುಂಬದ ವರ್ಷದ ಆದಾಯ ಮಿತಿಯೊಳಗೆ ಇರಬೇಕು. ನೀವು ಕೂಡಿಟ್ಟ ಅಸಲು ಆದಾಯವಲ್ಲ, ಅದಕ್ಕೆ ಬರುವ ಬಡ್ಡಿ ಆದಾಯ.

ಲೆಕ್ಕ ಹಾಕಿ ನೋಡಿ. ಅಂಚೆ ಕಚೇರಿಯ ಆರ್‌ಡಿಗೆ (ತಿಂಗಳು ತಿಂಗಳು ಕಂತು ಕಟ್ಟುವ ಠೇವಣಿ) ತಿಂಗಳಿಗೆ 200 ರೂಪಾಯಿಯಂತೆ ಐದು ವರ್ಷ ಕಟ್ಟಿದರೆ 12,000 ಆಗುತ್ತದೆ. ಬಡ್ಡಿ ಶೇ 6.7 ಇದ್ದರೆ ಕೈಗೆ ಸುಮಾರು 14,270 ಬರುತ್ತದೆ. ಅಂದರೆ ಐದು ವರ್ಷಕ್ಕೆ ಸೇರಿ ಬಡ್ಡಿ 2,270. ವರ್ಷಕ್ಕೆ ಐನೂರೂ ಆಗಲಿಲ್ಲ, ಅಲ್ವಾ? ಇಷ್ಟಕ್ಕೆ ಹೆದರಿ ದುಡ್ಡನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡಬೇಡಿ. ಜಮೀನು ಮಾರಿದ ದುಡ್ಡಿನಂಥ ದೊಡ್ಡ ಮೊತ್ತ ಇದ್ದರೆ ಮಾತ್ರ, ಮಗುವಿನ ಹೆಸರಿಗೆ ಹಾಕುವ ಮೊದಲು ನಾಡಕಚೇರಿಗೆ ಹೋಗಿ ನಿಮ್ಮ ಯೋಜನೆಯ ಷರತ್ತುಗಳನ್ನು ಕೇಳಿ. ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಅವರನ್ನೂ ಕೇಳಬಹುದು.

ಎರಡನೆಯದು ಖಾತೆ. ಮಾಸಾಶನ ಬೀಳುವ ಖಾತೆ ಹಾಗೇ ಇರಲಿ. ಉಳಿತಾಯಕ್ಕೆ ಬೇರೆ ಆರ್‌ಡಿ ತೆರೆಯಿರಿ. ತಿಂಗಳಿಗೆ 100 ರೂಪಾಯಿಯಿಂದ ಶುರುಮಾಡಬಹುದು. ಡೇರಿಗೆ ಹಾಲು ಹಾಕುವವರು ಬಟವಾಡೆ ಬಂದ ದಿನವೇ ಕಂತು ಕಟ್ಟಿಬಿಡಿ, ಮರುದಿನಕ್ಕೆ ಆ ದುಡ್ಡು ಉಳಿಯುವುದಿಲ್ಲ. ಕಂತು ತಪ್ಪಿದರೆ ನೂರಕ್ಕೆ 1 ರೂಪಾಯಿ ದಂಡ ಬೀಳುತ್ತದೆ.

ಮಗ ಅಥವಾ ಮಗಳು ತಮ್ಮ ವ್ಯವಹಾರ ತಾವೇ ನೋಡಿಕೊಳ್ಳಬಲ್ಲವರಾದರೆ, 18ರಿಂದ 40 ವಯಸ್ಸಿನೊಳಗೆ ಅಟಲ್ ಪಿಂಚಣಿಗೂ ಸೇರಬಹುದು. ಆದಾಯ ತೆರಿಗೆ ಕಟ್ಟುವವರಿಗೆ ಅದು ಸಿಗುವುದಿಲ್ಲ.

ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವಿಧ ಅಂಗವೈಕಲ್ಯ ಇರುವ ಮಕ್ಕಳ ಮನೆಯವರು ಮುಂದಿನದನ್ನು ನಿಧಾನವಾಗಿ ಓದಿ. ಮಗುವಿಗೆ 18 ತುಂಬಿದ ಮೇಲೆ ಹೆತ್ತವರಾದರೂ ಅವರ ಪರವಾಗಿ ಸುಮ್ನೆ ಸಹಿ ಹಾಕಲು ಬರುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಪಾಲಕರಾಗಿ ನೇಮಕವಾಗಬೇಕು. ಅದನ್ನು ಮಾಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ. ಕೋರ್ಟಿಗೆ ಅಲೆಯಬೇಕಿಲ್ಲ. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಅರ್ಜಿ ವಿಚಾರಿಸಿ. ನಿಮ್ಮ ನಂತರ ಯಾರು ನೋಡಿಕೊಳ್ಳುತ್ತಾರೆ? ಅಕ್ಕನೋ, ತಮ್ಮನೋ, ಚಿಕ್ಕಪ್ಪನೋ? ಅವರನ್ನು ಎದುರು ಕೂರಿಸಿಕೊಂಡು ಈಗಲೇ ಮಾತಾಡಿ. ಕಷ್ಟದ ಮಾತು ನಿಜ, ಆದರೆ ನಿಮ್ಮ ಬದಲು ಇನ್ನೊಬ್ಬರು ಆಡಲಾರರು.

ಕೊನೆಗೆ ವಿಲ್. ನಾಮಿನಿ ಹೆಸರು ಬರೆಸಿದ್ದೇವಲ್ಲ ಎಂದು ಬಿಡಬೇಡಿ. ಬ್ಯಾಂಕಿನಿಂದ ಹಣ ಪಡೆಯುವುದಷ್ಟೇ ನಾಮಿನಿಯ ಕೆಲಸ, ಹಣದ ಹಕ್ಕು ವಾರಸುದಾರರದ್ದು. ಯಾರಿಗೆ ಎಷ್ಟು ಅಂತ ಬರೆದು ಸಹಿ ಮಾಡಿ, ಇಬ್ಬರು ಸಾಕ್ಷಿಗಳಿಂದಲೂ ಸಹಿ ಹಾಕಿಸಿ. ಛಾಪಾ ಕಾಗದ ಬೇಕಿಲ್ಲ.

ದೊಡ್ಡಮ್ಮ ಈಗ ಆರ್‌ಡಿ ಪುಸ್ತಕ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ಪಾಲಕತ್ವದ ಪತ್ರ ಎಲ್ಲವನ್ನೂ ಒಂದೇ ಚೀಲದಲ್ಲಿ ಇಟ್ಟಿದ್ದಾರೆ. ಆ ಚೀಲ ಎಲ್ಲಿದೆ ಅಂತ ಮಗಳಿಗೂ ತೋರಿಸಿದ್ದಾರೆ.