ಒಂದು ತೂತೂ ಕೊರೆಯದೆ ಮಸ್ಟಾಂಗ್ ನೇರ ಓಡಿತು

ಬರೀ ಶಿಮ್ (ಸಂದಿಗೆ ಇಡುವ ತೆಳು ಲೋಹದ ಬಿಲ್ಲೆ) ಹಾಕಿ ಕ್ಯಾಸ್ಟರ್, ಅಂದರೆ ಕಾರನ್ನು ನೇರ ಓಡಿಸುವ ಸ್ಟೀರಿಂಗ್ ಅಕ್ಷದ ಹಿಂದಕ್ಕಿನ ವಾಲು, ಎರಡು ಡಿಗ್ರಿ ತರುತ್ತೇನೆ ಅಂದಾಗ ಗೆಳೆಯರೆಲ್ಲ ನಕ್ಕರು. "ಶೆಲ್ಬಿ ಡ್ರಾಪ್ ಮಾಡಿಬಿಡು ಮಾರಾಯ, ಅಪ್ಪರ್ ಆರ್ಮ್ ಒಂದಿಂಚು ಕೆಳಗಿಳಿಸು, ಸುಮ್ನೆ ಯಾಕೆ ಒದ್ದಾಡ್ತೀಯ?" ಅಪ್ಪರ್ ಆರ್ಮ್ ಅಂದರೆ ಚಕ್ರವನ್ನು ಮೇಲಿನಿಂದ ಹಿಡಿಯುವ ತೋಳು. ಅದು ಶಾಕ್ ಟವರಿಗೆ, ಅಂದರೆ ಎಂಜಿನ್ ಪಕ್ಕದ ಉಕ್ಕಿನ ಗೋಪುರಕ್ಕೆ, ಎರಡು ಬೋಲ್ಟಿನಿಂದ ಕೂತಿದೆ, ಶಿಮ್ ಹೋಗುವುದು ಅವೆರಡರ ನಡುವೆ. ಆರ್ಮ್ ಇಳಿಸಲು ಟವರಿಗೆ ಹೊಸ ತೂತು ಬೇಕು. 1966ರ ಫೋರ್ಡ್ ಮಸ್ಟಾಂಗಿನ ಮೈಗೆ ಡ್ರಿಲ್ ಇಡಲು ನನಗೆ ಮನಸ್ಸು ಬರಲಿಲ್ಲ.

ಮೊದಲ ಏಟು ಅಲೈನ್‌ಮೆಂಟ್ ಮಾಡಿದವರಿಂದ ಬಿತ್ತು. ಅವರ ಕೈ ಪಳಗಿದ್ದು ಷೆವರ್ಲೆಗಳ ಮೇಲೆ. ಅಲ್ಲಿ ಶಿಮ್ ಸೇರಿಸಿದರೆ ಚಕ್ರದ ತಲೆ ಒಳಗೆ ಬರುತ್ತದೆ. ನಮ್ಮದರಲ್ಲಿ ಆರ್ಮ್ ಟವರಿನ ಹೊರಗಿದೆ, ಹಾಗಾಗಿ ಉಲ್ಟಾ, ಹೊರಗೆ ಹೋಗುತ್ತದೆ. ಎರಡೆರಡು ಸೇರಿಸಿ ಕಳಿಸಿದರು. ಮೂರು ಸಾವಿರ ಕಿಲೋಮೀಟರಿಗೆಲ್ಲ ಮುಂದಿನ ಎರಡೂ ಟೈರಿನ ಹೊರ ಅಂಚು ಬೋಳು. ಅವರನ್ನು ಬೈದು ಏನು ಪ್ರಯೋಜನ, ಪಕ್ಕದಲ್ಲೇ ನಿಂತು ತಲೆಯಾಡಿಸಿದವನು ನಾನೇ ಅಲ್ವಾ!

ಆಮೇಲೆ ನಾನೇ ಕೂತೆ. ಅಂಕಿ ಚೆನ್ನಾಗೇ ಬಂತು, ಆದರೆ ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯಿತು. ಇನ್ನೊಂದು ಜೋಡಿ ಟೈರ್ ಸವೆದ ಮೇಲೆ ಸ್ಟ್ರಟ್ ರಾಡ್, ಅಂದರೆ ಕೆಳಗಿನ ತೋಳು ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಸರಳು, ಬಿಚ್ಚಿದೆ. ಅದರ ಬುಷ್ಷಿನ (ಮೆತ್ತೆಯ) ರಬ್ಬರ್ ಪುಡಿಪುಡಿಯಾಗಿ ಅಂಗೈಗೆ ಉದುರಿತು. ಬ್ರೇಕ್ ಹಾಕಿದಾಗಲೆಲ್ಲ ಚಕ್ರ ಹಿಂದೆ ಸರಿದು, ನಾನು ಕಟ್ಟಿದ ಕ್ಯಾಸ್ಟರ್ ಅಲ್ಲೇ ಕರಗುತ್ತಿತ್ತು. ಮತ್ತೆ ರಬ್ಬರನ್ನೇ ಹಾಕಿದೆ. ಪಾಲಿಯುರೆಥೇನ್ ಬುಷ್ ಗಟ್ಟಿ, ರಾಡ್ ಆಡಲು ಬಿಡುವುದಿಲ್ಲ, ಥ್ರೆಡ್ ಹತ್ತಿರ ಮುರಿಯುವ ಭಯ.

ಕ್ಯಾಂಬರ್ ಅಂದರೆ ಚಕ್ರದ ತಲೆ ಒಳಗೋ ಹೊರಗೋ ವಾಲಿದ ಕೋನ, ಅದರ ಅಳತೆಗೆ ತೂಕದ ದಾರ ಸಾಕು. ರಿಮ್ಮಿನ ಮೇಲಂಚಿಗೂ ಕೆಳಂಚಿಗೂ ನಡುವೆ ಸುಮಾರು 38 ಸೆಂಟಿಮೀಟರ್, ಹಾಗಾಗಿ ಒಂದು ಡಿಗ್ರಿ ಅಂದರೆ ಆರೂವರೆ ಮಿಲಿಮೀಟರ್. ಚಕ್ರದ ಕೆಳಗೆ ಎರಡು ತಗಡು, ನಡುವೆ ಗ್ರೀಸ್. ಇಪ್ಪತ್ತು ಡಿಗ್ರಿ ಒಳಗೆ, ಇಪ್ಪತ್ತು ಹೊರಗೆ ತಿರುಗಿಸಿ, ಕ್ಯಾಂಬರ್ ವ್ಯತ್ಯಾಸವನ್ನು ಒಂದೂವರೆಯಿಂದ ಗುಣಿಸಿದರೆ ಕ್ಯಾಸ್ಟರ್. ಮೊದಲು ಎರಡೂ ಬೋಲ್ಟಿಗೆ ಸಮ ಶಿಮ್ ಇಟ್ಟು ಕ್ಯಾಂಬರನ್ನು ಮೈನಸ್ ಅರ್ಧ ಡಿಗ್ರಿಗೆ (ತಲೆ ಒಳಕ್ಕೆ) ತಂದೆ, ಆಮೇಲೆ ಹಿಂದಿನ ಬೋಲ್ಟಿನಿಂದ ಒಂದೊಂದೇ ತೆಗೆದು ಮುಂದಿನದಕ್ಕೆ ಹಾಕುತ್ತಾ ಹೋದೆ. ಪ್ರತಿಸಲ ಕಾರನ್ನು ಹಿಂದೆ ಮುಂದೆ ಉರುಳಿಸಲೇಬೇಕು, ಒಂದು ರಾತ್ರಿ ಸೋಮಾರಿತನ ಮಾಡಿ ಅರ್ಧ ಡಿಗ್ರಿ ಮೋಸಹೋದೆ. ಎಡಗಡೆ ಮುಂದೆ 5, ಹಿಂದೆ 2 ಮಿಲಿಮೀಟರಿಗೆ ನಿಂತಿತು ಅಂತ ನೆನಪು. ಟೋ, ಅಂದರೆ ಎರಡು ಚಕ್ರಗಳ ಮುಂಭಾಗ ಒಂದರ ಕಡೆ ಒಂದು ತಿರುಗಿದ ಅಳತೆ, ಕೊನೆಗೆ, 3 ಮಿಲಿಮೀಟರ್ ಒಳಕ್ಕೆ. ಕ್ಯಾಸ್ಟರ್ ಎರಡನ್ನು ದಾಟಿಯೇ ಬಿಟ್ಟಿತು!

ನಡುವೆ ಪೇಂಟ್ ಡಬ್ಬದ ತಗಡು ಕತ್ತರಿಸಿ ತೆಳು ಶಿಮ್ ಮಾಡಿಕೊಂಡಿದ್ದೆ. ಬಣ್ಣದ ಪದರ ಅಮರಿ ನಟ್ ಸಡಿಲವಾಯಿತು. ಹೊಸ ಶಿಮ್ಮಿಗೆ ಹಳೆಯದರ ಕಪ್ಪು ಹೇಗೆ ಬಂತು ಅಂತ ತುಂಬ ಜನ ಕೇಳಿದರು, ಅದನ್ನು ಮಾತ್ರ ಹೇಳುವುದಿಲ್ಲ.

"ಫ್ಯಾಕ್ಟರಿಯಲ್ಲಿ ಎಷ್ಟು ಶಿಮ್ ಇತ್ತು?" ಅಂತ ಎಣಿಸುವವರಿಗೆ ಒಂದು ಮಾತು. ಒಂದೇ ಕಾರಿನ ಎಡಕ್ಕೂ ಬಲಕ್ಕೂ ಲೆಕ್ಕ ಬೇರೆ, ಅಲ್ಲೂ ಅಳೆದೇ ಹಾಕಿದ್ದು. ಹಳೆಯ ಅಂಕಿಗಳು ಆ ಕಾಲದ ಓರೆ ಎಳೆಯ ಬಯಾಸ್ ಟೈರಿಗೆ, ಈಗಿನ ರೇಡಿಯಲ್ಲಿಗೆ ಕ್ಯಾಸ್ಟರ್ ಜಾಸ್ತಿ ಬೇಕು. ಲೋವರ್ ಆರ್ಮಿನ (ಕೆಳಗಿನ ತೋಳಿನ) ಎಕ್ಸೆಂಟ್ರಿಕ್ ಬೋಲ್ಟ್, ಅಂದರೆ ಶಿಮ್ ಇಲ್ಲದೆ ತಿರುಗಿಸಿಯೇ ಕ್ಯಾಂಬರ್ ಹೊಂದಿಸುವಂಥದ್ದು, ಬಂದದ್ದು 1967ಕ್ಕೆ. ಅದನ್ನು 66ಕ್ಕೆ ಹಾಕಿಕೊಂಡು ಒರಿಜಿನಲ್ ಅನ್ನಬೇಡಿ.

ಎಡ ಮುಂದಿನ ನಟ್ಟಿನಿಂದ ಈಗ ಎರಡೇ ಎಳೆ ಥ್ರೆಡ್ ಹೊರಗಿದೆ. ಟವರ್ ಇನ್ನಷ್ಟು ಒಳಗೆ ವಾಲಿದರೆ ಶಿಮ್ಮಿಗೆ ಜಾಗವಿಲ್ಲ. ಎರಡು ಟವರಿನ ನಡುವಿನ ಅಳತೆ ಬರೆದಿಟ್ಟಿದ್ದೇನೆ, ಆರು ತಿಂಗಳಿಗೆ ಮತ್ತೆ ಟೇಪ್ ಹಿಡಿಯಬೇಕು.