ಧಾರವಾಡದ ಬೇಸಿಗೆಗೆ ಒಂದು ಹಳೆಯ ಓಪನ್ ಕಾರ್: ನಾನು ಆರಿಸಿದ ಬಗೆ

ಟಾಪ್ ತೆಗೆಯುವ ಸ್ಪೋರ್ಟ್ಸ್ ಕಾರನ್ನು ಬೇಸಿಗೆಯಲ್ಲಿ ದಿನಾ ಓಡಿಸಬೇಕು ಅಂತ ಆಸೆ ಇದ್ದವರು ಮೊದಲು ಒಂದು ಲೆಕ್ಕ ಹಾಕಬೇಕು. ನಮ್ಮ ಕಡೆ ದಿನಕ್ಕೆ ಎಷ್ಟು ಹೊತ್ತು ಟಾಪ್ ತೆಗೆದು ಓಡಿಸಲಿಕ್ಕೆ ಆಗುತ್ತದೆ? ಈ ಕಾರುಗಳನ್ನು ಮಾಡಿದ್ದು ಬಿಸಿಲು ಕಂಡರೆ ಹಿಗ್ಗುವ ಚಳಿದೇಶದ ಜನರಿಗಾಗಿ. ಅಲ್ಲಿ ಮಧ್ಯಾಹ್ನವೇ ಟಾಪ್ ತೆಗೆಯುವ ಹೊತ್ತು. ಹುಬ್ಬಳ್ಳಿಯ ಏಪ್ರಿಲ್ ಮಧ್ಯಾಹ್ನ 37-38 ಡಿಗ್ರಿ ಮುಟ್ಟಿದಾಗ ಟಾಪ್ ತೆಗೆದರೆ ನೆತ್ತಿ ಸುಡುತ್ತದೆ, ಸ್ಟೀರಿಂಗ್ ಹಿಡಿಯಲಿಕ್ಕೆ ಬರುವುದಿಲ್ಲ. ಬೆಳಗ್ಗೆ ಎಂಟೂವರೆಯ ಒಳಗೆ, ಸಂಜೆ ಆರರ ಮೇಲೆ, ಅಷ್ಟೇ ನಮ್ಮ ಪಾಲಿನ ಹೊತ್ತು. ಉಳಿದ ಹೊತ್ತೆಲ್ಲ ಅದು ಮುಚ್ಚಿದ ಕಾರೇ.

ನನ್ನ ಮನೆ ಧಾರವಾಡದಲ್ಲಿ, ಅಂಗಡಿ ಹುಬ್ಬಳ್ಳಿಯಲ್ಲಿ. ಸುಮಾರು ಇಪ್ಪತ್ತು ಕಿಲೋಮೀಟರ್ ಹೋಗುವುದು, ಅಷ್ಟೇ ಬರುವುದು. ಬೆಳಗ್ಗೆ ಟಾಪ್ ತೆಗೆದು ಹೋಗಬಹುದು, ರಾತ್ರಿ ತೆಗೆದು ಬರಬಹುದು, ಆದರೆ ನಡುವೆ ಬ್ಯಾಂಕು, ಗೋಡೌನು, ಗೋಕುಲ ರೋಡು ಅಂತ ಉರಿಬಿಸಿಲಲ್ಲಿ ತಿರುಗುವುದು ತಪ್ಪುವುದಿಲ್ಲ. ಹಾಗಾಗಿ ಟಾಪ್ ಮುಚ್ಚಿದಾಗ ಕಾರು ಹೇಗಿರುತ್ತದೆ ಎಂಬುದರ ಮೇಲೆಯೇ ನನ್ನ ಆಯ್ಕೆ ನಿಂತಿತು. ಎಂಜಿನ್ ಎಷ್ಟು ಹಾರ್ಸ್‌ಪವರ್ ಎಂಬುದು ಆಮೇಲಿನ ಮಾತು.

ಆ ಎರಡು ಹೊತ್ತಿಗೋಸ್ಕರ ಇಷ್ಟೆಲ್ಲ ಬೇಕಾ ಅಂತ ಕೇಳುವವರಿದ್ದಾರೆ. ಬೇಕು. ಮೇ ತಿಂಗಳ ಸಂಜೆ ಪಡುವಣ ಗಾಳಿ ಎದ್ದು, ಸತ್ತೂರು ದಾಟಿ ಧಾರವಾಡದ ಏರು ಹತ್ತುವಾಗ ಮೈಗೆ ತಂಪು ತಾಗುವುದು ಮುಚ್ಚಿದ ಕಾರಿನಲ್ಲಿ ಕುಳಿತವರಿಗೆ ಗೊತ್ತೇ ಆಗುವುದಿಲ್ಲ. ಬೆಳಗ್ಗೆ ಕೆಲಗೇರಿ ಕೆರೆ ಬಿಟ್ಟು ಅಳ್ನಾವರ ರಸ್ತೆ ಹಿಡಿದರೆ ಮರದ ನೆರಳು, ಮಾವಿನ ತೋಟ. ಈ ಊರಿನ ಬೇಸಿಗೆಗೆ ಓಪನ್ ಕಾರಿನಷ್ಟು ಒಪ್ಪುವ ವಾಹನ ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ.

ಹುಡುಕಲಿಕ್ಕೆ ಶುರು ಮಾಡಿದಾಗ ಎಲ್ಲರೂ ಹೇಳಿದ್ದು ಮಹೀಂದ್ರಾ ಥಾರ್. 2020ರ ಥಾರ್‌ನಲ್ಲಿ ಬಟ್ಟೆಯ ಟಾಪ್ ಬಿಚ್ಚುವ ಮಾದರಿ ಇದೆ, ಗಟ್ಟಿ ಗಾಡಿ, ಊರಲ್ಲೇ ಸರ್ವಿಸ್. ಆದರೆ ನನಗೆ ಬೇಕಾಗಿದ್ದು ನೆಲಕ್ಕೆ ಹತ್ತಿ ಕುಳಿತು ಓಡಿಸುವ, ತಿರುವಿನಲ್ಲಿ ಹೇಳಿದ ಹಾಗೆ ಕೇಳುವ ಎರಡು ಸೀಟಿನ ಕಾರು. ಗೋವಾದಲ್ಲಿ ತಯಾರಾಗುತ್ತಿದ್ದ ಸ್ಯಾನ್ ಸ್ಟಾರ್ಮ್ ಮೇಲೂ ಮನಸ್ಸಿತ್ತು. ಫೈಬರ್ ಬಾಡಿ, ರೆನೋದ 1.2 ಲೀಟರ್ ಎಂಜಿನ್, ನಮ್ಮ ನೆರೆಯಲ್ಲೇ ಹುಟ್ಟಿದ ಓಪನ್ ಕಾರು. ಮನೆಯಲ್ಲಿ ಇಟ್ಟುಕೊಂಡು ಜೋಪಾನ ಮಾಡುವವರಿಗೆ ಚೆಂದ. ದಿನಾ ನಲವತ್ತು ಕಿಲೋಮೀಟರ್ ಓಡಿಸುವವನಿಗೆ ಅದರ ಸ್ಪೇರ್ ಪಾರ್ಟ್ ಹುಡುಕುವುದೇ ಒಂದು ಉದ್ಯೋಗವಾಗುತ್ತದೆ.

ಉಳಿದದ್ದು ನಾಲ್ಕು: ಮಿನಿ ಕೂಪರ್ ಕನ್ವರ್ಟಿಬಲ್, ಆಡಿ ಎ3 ಕ್ಯಾಬ್ರಿಯೊಲೆ, ಮರ್ಸಿಡಿಸ್ ಎಸ್‌ಎಲ್‌ಕೆ, ಎರಡನೇ ತಲೆಮಾರಿನ ಬಿಎಂಡಬ್ಲ್ಯು ಝಡ್4. ಮೊದಲೆರಡಕ್ಕೆ ಬಟ್ಟೆಯ ಟಾಪ್, ಕೊನೆಯೆರಡಕ್ಕೆ ಮಡಚಿ ಡಿಕ್ಕಿಯೊಳಗೆ ಕೂಡುವ ಲೋಹದ ಟಾಪ್.

ಮಿನಿಯಲ್ಲಿ ಒಂದು ಗುಣ ನನ್ನನ್ನು ಬಹಳ ಸೆಳೆಯಿತು. ಅದರ ಟಾಪನ್ನು ಪೂರ್ತಿ ತೆಗೆಯದೆ ಮುಂದಿನ ಭಾಗ ಮಾತ್ರ ಸುಮಾರು 40 ಸೆಂಟಿಮೀಟರ್ ಹಿಂದೆ ಸರಿಸಬಹುದು, ಸನ್‌ರೂಫ್ ಇದ್ದ ಹಾಗೆ. ಆಡಿಯ ಟಾಪ್ 50 ಕಿಲೋಮೀಟರ್ ವೇಗದವರೆಗೆ ಓಡುತ್ತಲೇ 18 ಸೆಕೆಂಡಿನಲ್ಲಿ ತೆರೆಯುತ್ತದೆ, ನಾಲ್ಕು ಸೀಟಿದೆ, ಸಂಸಾರಸ್ಥರಿಗೆ ಅದೇ ಸರಿ. ಆದರೆ ಭಾರತಕ್ಕೆ 2014ರ ಕೊನೆಯಲ್ಲಿ ಬಂದ ಅದರ 1.8 ಲೀಟರ್ ಮಾದರಿಯಲ್ಲಿ ಒಣ ಕ್ಲಚ್‌ನ, ಅಂದರೆ ಕ್ಲಚ್ಚನ್ನು ತಂಪಿಡುವ ಎಣ್ಣೆ ಇಲ್ಲದ, ಏಳು ಗೇರಿನ ಆಟೋಮ್ಯಾಟಿಕ್ ಬಾಕ್ಸ್ ಇದೆ. ನಿಂತು ನಿಂತು ಸಾಗುವ ಟ್ರಾಫಿಕ್, ಮೇಲೆ ಬಿಸಿಲು, ಇವೆರಡೂ ಆ ಜಾತಿಯ ಗೇರ್‌ಬಾಕ್ಸಿಗೆ ಆಗಿಬರುವುದಿಲ್ಲ. ಚನ್ನಮ್ಮ ಸರ್ಕಲ್ಲಿನ ಸುತ್ತ ಮಧ್ಯಾಹ್ನ ಓಡಾಡಿದವರಿಗೆ ನಾನೇಕೆ ಹಿಂಜರಿದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಬಟ್ಟೆಯ ಟಾಪನ್ನು ಕೊನೆಗೆ ಬಿಟ್ಟದ್ದು ಧೂಳಿನ ಸಲುವಾಗಿ. ಧಾರವಾಡದ ಪಡುವಣಕ್ಕೆ ಮಸಾರಿ ಕೆಂಪುಮಣ್ಣು, ಮೂಡಣಕ್ಕೆ ನವಲಗುಂದ, ಅಣ್ಣಿಗೇರಿ, ಗದಗಿನ ತನಕ ಎರೆಭೂಮಿ. ಬೇಸಿಗೆಯಲ್ಲಿ ಎರಡೂ ಕಡೆಯ ಮಣ್ಣು ಗಾಳಿಗೆ ಏಳುತ್ತದೆ. ಬಟ್ಟೆಯ ನೇಯ್ಗೆಯೊಳಗೆ ಹೊಕ್ಕ ಕಣ ಒರೆಸಿದರೆ ಹೋಗುವುದಿಲ್ಲ. ಟಾಪ್ ಮಡಚಿದಾಗಲೆಲ್ಲ ಆ ಮಡಿಕೆಯಲ್ಲೇ ತಿಕ್ಕುತ್ತ ಬಟ್ಟೆಯನ್ನು ಸವೆಸುತ್ತದೆ. ಕರಿಬಟ್ಟೆ ಮಧ್ಯಾಹ್ನದ ಬಿಸಿಲಲ್ಲಿ ಹೊತ್ತುಗಟ್ಟಲೆ ನಿಂತರೆ ಒಳಗೆ ಎಸಿ ಪೂರ್ತಿ ಇಟ್ಟರೂ ತಂಪಾಗಲಿಕ್ಕೆ ಬಹಳ ಸಮಯ ಬೇಕು. ಸಂತೆಯಂಥ ಜಾಗದಲ್ಲಿ ನಿಲ್ಲಿಸಿದರೆ ಬ್ಲೇಡಿನ ಭಯ ಬೇರೆ. ಲೋಹದ ಟಾಪ್ ತೂಕ, ಅದರ ಯಂತ್ರ ಜಟಿಲ, ಕೆಟ್ಟರೆ ಖರ್ಚು ದೊಡ್ಡದು, ಅದೆಲ್ಲ ನಿಜ. ಆದರೂ ಮುಚ್ಚಿದ ಮೇಲೆ ಅದು ಟಾಪ್ ಬಿಚ್ಚದ ಸಾದಾ ಕೂಪೆ ಕಾರಿನ ಹಾಗೆಯೇ ಇರುತ್ತದೆ. ನಮ್ಮ ಮಧ್ಯಾಹ್ನಕ್ಕೆ ಅದೇ ಬೇಕು.

ಎಸ್‌ಎಲ್‌ಕೆ ಮತ್ತು ಝಡ್4 ನಡುವೆ ನಾನು ಝಡ್4 ಕಡೆ ವಾಲಿದ್ದು ಮನಸ್ಸಿನ ಒಲವಿನಿಂದಲೇ. ಈ89 ಅಂತ ಕರೆಯುವ ಎರಡನೇ ತಲೆಮಾರಿನ ಝಡ್4ರಲ್ಲಿ ಉದ್ದ ಮೂಗು, ಹಿಂದಿನ ಗಾಲಿಯ ಹತ್ತಿರವೇ ಸೀಟು, ಅಲ್ಯೂಮಿನಿಯಂ ಟಾಪ್ 20 ಸೆಕೆಂಡಿನಲ್ಲಿ ಮಡಚಿಕೊಳ್ಳುತ್ತದೆ. ನಾನು ನೋಡಿದ ಕಾರುಗಳೆಲ್ಲ ಮೂರು ಲೀಟರಿನ, ಎರಡು ಟರ್ಬೊ ಇರುವ, 306 ಹಾರ್ಸ್‌ಪವರಿನ 35ಐ. ಧಾರವಾಡದ ಬೀದಿಗೆ ಅಷ್ಟು ಶಕ್ತಿ ಬೇಕಿಲ್ಲ. ಕಲಘಟಗಿ ದಾಟಿ ಯಲ್ಲಾಪುರದ ಕಡೆ ರಸ್ತೆ ತೆರವಾದಾಗ ಅದರ ಬೆಲೆ ತಿಳಿಯುತ್ತದೆ.

ಇನ್ನು ಪರೀಕ್ಷೆಯ ವಿಷಯ. ಹಳೆಯ ಓಪನ್ ಕಾರನ್ನು ನೋಡಲಿಕ್ಕೆ ಹೋದಾಗ ಜನ ಬಾನೆಟ್ ಎತ್ತಿಸುತ್ತಾರೆ. ನಾನು ಮೊದಲು ಡಿಕ್ಕಿ ತೆಗೆಸುತ್ತಿದ್ದೆ. ಟಾಪಿನ ಆರೋಗ್ಯವೆಲ್ಲ ಅಲ್ಲಿ ಕಾಣುತ್ತದೆ. ಝಡ್4ರ ಡಿಕ್ಕಿ ಟಾಪ್ ಮುಚ್ಚಿದಾಗ 310 ಲೀಟರ್, ತೆಗೆದಾಗ 180. ಟಾಪ್ ಬಂದು ಕೂಡುವ ಜಾಗವನ್ನು ಸಾಮಾನಿನಿಂದ ಬೇರೆ ಮಾಡಲು ಒಂದು ಎಳೆಯುವ ಪರದೆ ಇದೆ. ಅದು ತನ್ನ ಜಾಗದಲ್ಲಿ ಸರಿಯಾಗಿ ಸಿಕ್ಕಿಕೊಳ್ಳದಿದ್ದರೆ ಟಾಪ್ ಅಲುಗುವುದೇ ಇಲ್ಲ. ಪರದೆಯ ಕೊಕ್ಕೆ ಮುರಿದಿದೆಯೇ, ಡಿಕ್ಕಿಯ ಕಾರ್ಪೆಟ್ಟಿನ ಅಡಿ ತೇವ ಇದೆಯೇ, ಎಣ್ಣೆಯ ಕಲೆ ಇದೆಯೇ, ಮೂರನ್ನೂ ಕೈಹಾಕಿ ನೋಡಬೇಕು. ಎಣ್ಣೆಯ ಕಲೆ ಅಂದರೆ ಟಾಪನ್ನು ಎತ್ತಿ ಇಳಿಸುವ ಹೈಡ್ರಾಲಿಕ್ ಎಣ್ಣೆ ಸೋರುತ್ತಿದೆ ಅಂತ.

ಮಾಲೀಕರಿಗೆ ಫೋನಿನಲ್ಲೇ ಹೇಳಿಬಿಡುತ್ತಿದ್ದೆ: ನಾನು ಬರುವ ಮೊದಲು ಟಾಪ್ ತೆಗೆಯಬೇಡಿ, ಕಾರು ಸ್ಟಾರ್ಟ್ ಮಾಡಬೇಡಿ. ರಾತ್ರಿಯಿಡೀ ತಣ್ಣಗೆ ನಿಂತ ಕಾರಿನ ಟಾಪ್ ಒಂದೇ ಉಸಿರಿಗೆ ತೆರೆದು ಮುಚ್ಚಬೇಕು. ಆಮೇಲೆ ಬಿಸಿಲಲ್ಲಿ ಒಂದು ತಾಸು ಓಡಿಸಿ ಬಂದು ಮತ್ತೆ ನೋಡಬೇಕು. ತಣ್ಣಗಿದ್ದಾಗ ಸರಿಯಾಗಿ ನಡೆದು ಬಿಸಿಯಾದಾಗ ನಡುವೆ ನಿಂತರೆ ಟಾಪ್ ಎಲ್ಲಿಗೆ ಬಂತು ಅಂತ ತಿಳಿಸುವ ಮೈಕ್ರೋಸ್ವಿಚ್ಚೋ ಹೈಡ್ರಾಲಿಕ್ ಪಂಪೋ ದಣಿದಿದೆ ಅಂತ ಅರ್ಥ. ಎರಡೂ ಕಡೆಯ ತೋಳು ಒಂದೇ ವೇಗದಲ್ಲಿ ಏಳಬೇಕು, ಒಂದು ಹಿಂದೆ ಬಿದ್ದರೆ ಆ ಕಾರು ಬಿಟ್ಟುಬಿಡುವುದೇ ಮೇಲು.

ನೀರಿನ ಪರೀಕ್ಷೆ ಬಿಡಲೇಬಾರದು. ನಮ್ಮಲ್ಲಿ ಏಪ್ರಿಲ್-ಮೇ ಅಂದರೆ ಬಿಸಿಲಷ್ಟೇ ಅಲ್ಲ, ಸಂಜೆ ನಾಲ್ಕಕ್ಕೆ ಮೋಡ ಕವಿದು ಗುಡುಗು, ಆಣೆಕಲ್ಲು ಸಮೇತ ಅಡ್ಡಮಳೆ. ಪೈಪು ಹಿಡಿದು ಗಾಜಿನ ಅಂಚು, ಟಾಪಿನ ಜೋಡಣೆ, ಹಿಂದಿನ ಗಾಜು, ಎಲ್ಲ ಕಡೆ ನಿಧಾನವಾಗಿ ನೀರು ಬಿಡಬೇಕು. ಆಮೇಲೆ ಆ ನೀರು ಎಲ್ಲಿಂದ ಹೊರಗೆ ಬೀಳುತ್ತದೆ ಅಂತ ಕಾರಿನ ಅಡಿ ಬಗ್ಗಿ ನೋಡಬೇಕು. ಒಳಗೆ ಸೋರದಿದ್ದರೆ ಸಾಲದು, ಒಳಗಿನ ಕಾಲುವೆಯಿಂದ ಹೊರಗೆ ಹರಿಯಬೇಕು. ಮೊದಲ ತಲೆಮಾರಿನ, ಬಟ್ಟೆ ಟಾಪಿನ ಝಡ್4ರಲ್ಲಿ ಹೈಡ್ರಾಲಿಕ್ ಮೋಟಾರ್ ಟಾಪ್ ಮಡಚಿ ಕೂಡುವ ಜಾಗದ ಎಡಬದಿಯ ಗುಂಡಿಯ ತಳದಲ್ಲೇ ಕೂತಿರುತ್ತದೆ. ನೀರು ಹೊರಹೋಗುವ ಡ್ರೈನ್ ಕಟ್ಟಿದರೆ ನೀರು ತುಂಬಿ ಮೋಟಾರ್ ಮುಳುಗಿ ಸಾಯುತ್ತದೆ. ಬೆಂಗಳೂರಿನಲ್ಲಿ ನಾನು ನೋಡಿದ ಅಂಥ ಒಂದು ಕಾರಿನ ಡ್ರೈನಿನೊಳಗೆ ಬೆರಳು ಹಾಕಿದರೆ ಬೇವಿನ ಹೂವು, ಧೂಳು, ಒಣಗಿದ ಎಲೆ ಸೇರಿ ಮುದ್ದೆಯಾಗಿ ಬಂತು. ಮಾಲೀಕರು ಬೇವಿನ ನೆರಳಲ್ಲಿ ನಿಲ್ಲಿಸುತ್ತಿದ್ದರಂತೆ. ನಮ್ಮೂರಲ್ಲಿ ಬೇವು, ಗುಲ್‌ಮೊಹರ್ ಬಿಟ್ಟು ಬೇರೆ ನೆರಳೆಲ್ಲಿದೆ? ಅದಕ್ಕೇ ಈಗ ವಾರಕ್ಕೊಮ್ಮೆ ಮೆತ್ತನೆಯ ನೈಲಾನ್ ದಾರ ತೂರಿಸಿ ಡ್ರೈನ್ ಬಿಡಿಸುವುದು ನನಗೆ ರೂಢಿ.

ರಬ್ಬರ್ ಸೀಲುಗಳನ್ನು ಉಗುರಿನಿಂದ ಒತ್ತಿ ನೋಡಿದೆ. ಒತ್ತಿದ ಗುರುತು ಕೂಡಲೇ ಮಾಯವಾಗಬೇಕು. ಬಿಸಿಲಿಗೆ ಒಣಗಿದ ರಬ್ಬರ್ ಹಾಗೇ ತಗ್ಗಾಗಿ ಉಳಿಯುತ್ತದೆ, ಅಂಚಿನಲ್ಲಿ ಸಣ್ಣ ಬಿರುಕು ಕಾಣುತ್ತದೆ. ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚುತ್ತಿದ್ದರೆ ಅದು ಬಹಳ ವರ್ಷ ಬಾಳುತ್ತದೆ. ಗ್ಯಾರೇಜಿನ ಸಾದಾ ಗ್ರೀಸ್ ಮಾತ್ರ ಹಚ್ಚಬಾರದು, ಪೆಟ್ರೋಲಿಯಂ ಎಣ್ಣೆ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ.

ಎಂಜಿನ್ನಿನಲ್ಲಿ ನಮ್ಮ ಬೇಸಿಗೆಗೆ ಮುಖ್ಯವಾದದ್ದು ಎಂಜಿನ್ ತಂಪಿಡುವ ನೀರಿನ ಪಂಪು. ಎನ್54 ಅಂತ ಹೆಸರಿನ ಈ ಎಂಜಿನ್ನಿಗೆ ಬೆಲ್ಟಿನಿಂದ ತಿರುಗುವ ಪಂಪಿಲ್ಲ, ವಿದ್ಯುತ್ತಿನಿಂದ ನಡೆಯುವ ಪಂಪಿದೆ. ಮುನ್ಸೂಚನೆ ಕೊಡದೆ ನಿಂತುಬಿಡುವುದು ಅದರ ಗೊತ್ತಿರುವ ದೌರ್ಬಲ್ಯ. ಪಂಪು, ಥರ್ಮೊಸ್ಟಾಟ್ ಎರಡನ್ನೂ ಬದಲಿಸಿದ ಬಿಲ್ಲು ತೋರಿಸಿದ ಕಾರಿಗೇ ನಾನು ಮುಂದಿನ ಮಾತು ಆಡಿದೆ. ಹೈ-ಪ್ರೆಶರ್ ಫ್ಯುಯೆಲ್ ಪಂಪಿನ ಇತಿಹಾಸವನ್ನೂ ಕೇಳಿದೆ. ಅದು ಸೊರಗಿದ್ದರೆ ಸ್ಟಾರ್ಟ್ ಆಗಲಿಕ್ಕೆ ಹೊತ್ತು ಹಿಡಿಯುತ್ತದೆ, ವೇಗ ಏರಿಸುವಾಗ ತಡವರಿಸುತ್ತದೆ. ಆಯಿಲ್ ಫಿಲ್ಟರಿನ ಬುಡದ ಗ್ಯಾಸ್ಕೆಟ್ ಸೋರುತ್ತಿದೆಯೇ ಅಂತ ಟಾರ್ಚ್ ಬಿಟ್ಟು ನೋಡಿದೆ. ಯಾರಾದರೂ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಏರಿಸಿದ್ದಾರೆಯೇ ಎಂಬುದನ್ನು ನೇರವಾಗಿಯೇ ಕೇಳಬೇಕು. ಈ ಎಂಜಿನ್ ಅಂಥ ಪ್ರಯೋಗಕ್ಕೆ ಬಹಳ ಜನರ ಕೈಗೆ ಸಿಕ್ಕಿದೆ.

ಕಡಿಮೆ ಓಡಿದ ಕಾರು ಅಂದರೆ ಒಳ್ಳೆಯ ಕಾರು ಅಂತ ತಿಳಿಯುವುದು ಇಲ್ಲಿ ನಡೆಯುವುದಿಲ್ಲ. ಓಪನ್ ಕಾರುಗಳು ಬಹಳ ಕಾಲ ಕವರ್ ಹೊದ್ದು ನಿಂತೇ ಇರುತ್ತವೆ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ಓದಿದರೆ ಸತ್ಯ ತಿಳಿಯುತ್ತದೆ. 2314 ಅಂತ ಇದ್ದರೆ 2014ರ 23ನೇ ವಾರದ ಟೈರು. ಬಟನ್ ಸವೆಯದೆ ಹೊಸದರ ಹಾಗೆ ಕಂಡರೂ ಅದು ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. 2015ರ ಚೆನ್ನೈ ಪ್ರವಾಹದಂಥ ನೆರೆಯಲ್ಲಿ ಮುಳುಗಿದ ಕಾರುಗಳು ತೊಳೆದು ಹೊಳಪಿಸಿ ಬೇರೆ ರಾಜ್ಯಕ್ಕೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿದರೆ ಕೆಸರಿನ ಗೆರೆ ಸಿಗುತ್ತದೆ, ಅದನ್ನು ತೊಳೆಯಲಿಕ್ಕೆ ಮರೆಯುವವರೇ ಹೆಚ್ಚು.

ದೆಹಲಿಯ ಕಾರು ಸಸ್ತಾ. ಅಲ್ಲಿ ಡೀಸೆಲ್‌ಗೆ 10 ವರ್ಷ, ಪೆಟ್ರೋಲ್‌ಗೆ 15 ವರ್ಷದ ಮಿತಿ ಬಂದ ಮೇಲೆ ಹಳೆಯ ಗಾಡಿಗಳನ್ನು ಬೇಗ ಮಾರಲಿಕ್ಕೆ ಶುರು ಮಾಡಿದರು. ಆದರೆ ಕರ್ನಾಟಕಕ್ಕೆ ತಂದು ರಿಜಿಸ್ಟರ್ ಮಾಡಿಸಿದರೆ ಇಲ್ಲಿ ಮತ್ತೆ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. 20 ಲಕ್ಷ ಮೀರಿದ ಹೊಸ ಕಾರಿಗೆ ಅದು ಶೇ. 18, ಮೇಲೆ ಸೆಸ್. ವಯಸ್ಸಾದ ಕಾರಿಗೆ ಕಡಿತ ಇದ್ದರೂ ಉಳಿಸಿದ ದುಡ್ಡಿನ ಬಹುಪಾಲು ಅಲ್ಲೇ ಕರಗುತ್ತದೆ. ನಾನು ಬೆಂಗಳೂರು ನೋಂದಣಿಯ ಕಾರನ್ನೇ ಹಿಡಿದೆ. ಮಾಲೀಕತ್ವ ಬದಲಾವಣೆಯ ಫಾರ್ಮ್ 29, ಫಾರ್ಮ್ 30 ಸಹಿ, ಹಳೆಯ ಸಾಲ ತೀರಿದ್ದಕ್ಕೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35, ಇಷ್ಟರಲ್ಲಿ ಆಯಿತು. ರಾಜ್ಯದೊಳಗಿನ ವರ್ಗಾವಣೆ ಆದ್ದರಿಂದ ನಂಬರ್ ಪ್ಲೇಟೂ ಬದಲಾಗಲಿಲ್ಲ, ನಮ್ಮ ಧಾರವಾಡದ ಕೆಎ-25 ಬರುವುದಿಲ್ಲವಲ್ಲ ಎಂಬ ಸಣ್ಣ ಕೊರಗು ಇದ್ದೇ ಇದೆ. ಇನ್ಶೂರೆನ್ಸನ್ನು 14 ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತದೆ, ಪ್ರೀಮಿಯಂ ಲೆಕ್ಕ ಹಾಕುವಾಗ ಇದು ನೆನಪಿರಲಿ.

ಈಗ ದಿನನಿತ್ಯದ ಮಾತು. ಹುಬ್ಬಳ್ಳಿ-ಧಾರವಾಡದ ತ್ವರಿತ ಬಸ್ಸಿನ ಬಿಆರ್‌ಟಿಎಸ್ ರಸ್ತೆಯಲ್ಲಿ ನಡುವಿನ ಹಾದಿ ಚಿಗರಿ ಬಸ್ಸಿಗೆ, ಪಕ್ಕದಲ್ಲಿ ನಾವು. ಟಾಪ್ ತೆಗೆದಾಗ ಬಸ್ಸಿನ ಕಿಟಕಿಯಿಂದ ಮಕ್ಕಳು ಕೈಬೀಸುತ್ತಾರೆ, ನಾನೂ ಬೀಸುತ್ತೇನೆ. ಉಣಕಲ್ ಸಿಗ್ನಲ್ಲಿನಲ್ಲಿ ಬೈಕಿನವರೊಬ್ಬರು ಕೇಳಿದ್ದು: “ಅಲ್ರೀ ಸಾಹೇಬ್ರ, ಒಮ್ಮಿಂದೊಮ್ಮೆಲೆ ಮಳಿ ಬಂದ್ರ ಹ್ಯಾಂಗ್ರೀ?” ಬದಿಗೆ ನಿಲ್ಲಿಸಿ ಮುಚ್ಚಿ ತೋರಿಸಿದೆ. ಹಂಪ್ಸ್ ದಾಟುವಾಗ ಓರೆಯಾಗಿ, ಒಂದೊಂದೇ ಗಾಲಿ ಹತ್ತಿಸಿ ಇಳಿಸಬೇಕು, ಇಲ್ಲದಿದ್ದರೆ ಮೂಗಿನ ಅಡಿ ಕೆರೆಯುತ್ತದೆ. ಬಿಸಿಲಲ್ಲಿ ನಿಲ್ಲಿಸುವಾಗ ಟಾಪ್ ಮುಚ್ಚಿ, ಗಾಜಿಗೆ ಪರದೆ, ಕರಿ ಲೆದರ್ ಸೀಟಿಗೆ ಬಿಳಿ ಪಂಚೆ. ಸಂಜೆ ಸೂರ್ಯ ಇಳಿದ ಮೇಲೂ ಡಾಂಬರು ಕಾವು ಬಿಡುತ್ತಿರುತ್ತದೆ, ಆಗ ಎಸಿಯನ್ನು ಕಾಲಿನ ಕಡೆ ಮಾತ್ರ ಬಿಟ್ಟು ಟಾಪ್ ತೆಗೆದರೆ ಬಹಳ ಹಿತ.

ಸರ್ವಿಸ್ಸಿಗೆ ಬೆಂಗಳೂರಿಗೆ ಒಯ್ಯುತ್ತೇನೆ, ನಾನೂರು ಕಿಲೋಮೀಟರ್ ಮೇಲಾಗುತ್ತದೆ. ನಸುಕಿನಲ್ಲಿ ಬಿಟ್ಟರೆ ಹಾವೇರಿ, ರಾಣೆಬೆನ್ನೂರು ತನಕ ಟಾಪ್ ತೆಗೆದೇ ಹೋಗಬಹುದು. ಮುಂದಿನ ಸಲ ಟೈರ್ ಬದಲಿಸುವುದಿದೆ. ಈಗಿರುವುದು ರನ್‌ಫ್ಲಾಟ್, ಪಂಕ್ಚರ್ ಆದರೂ ನಿಧಾನವಾಗಿ ಓಡುತ್ತದೆ, ಆದರೆ ಅದರ ಗಟ್ಟಿ ಗೋಡೆಯಿಂದ ನಮ್ಮ ತಗ್ಗುದಿಣ್ಣೆಯೆಲ್ಲ ಬೆನ್ನಿಗೆ ಬರುತ್ತದೆ. ಸಾದಾ ಟೈರ್ ಹಾಕಿಸಿದರೆ ಸವಾರಿ ಮೆತ್ತಗಾಗುತ್ತದೆ. ಕಾರಿನಲ್ಲಿ ಸ್ಟೆಪ್ನಿಗೆ ಜಾಗವಿಲ್ಲದ್ದರಿಂದ ಪಂಕ್ಚರ್ ಕಿಟ್ಟು, ಹನ್ನೆರಡು ವೋಲ್ಟಿನ ಗಾಳಿ ಪಂಪು ಈಗಾಗಲೇ ತಂದು ಡಿಕ್ಕಿಯ ಪರದೆಯ ಕೆಳಗೆ ಇಟ್ಟುಕೊಂಡಿದ್ದೇನೆ.